ಹದ್ದಿನ ಗುರುತಿನ ಗಾಡಿ

ಇಟಲಿಯ ಹಳೆಯ ಮೋಟಾರು ಸೈಕಲ್ಲನ್ನು ಮನೆಯಲ್ಲಿಯೇ ಬಿಚ್ಚಿ ಮರಳಿ ಜೋಡಿಸಹೊರಟವರು ಮೊದಲು ಅದರ ಚರಿತ್ರೆಯನ್ನು ಅರಿಯಬೇಕು. ಮೋಟೊ ಗುಟ್ಸಿಯನ್ನೇ ನೋಡೋಣ. ಮೊದಲನೆಯ ಮಹಾಯುದ್ಧದಲ್ಲಿ ನೌಕಾಪಡೆಯ ವಿಮಾನದಳದಲ್ಲಿದ್ದ ಮೂವರು ಗೆಳೆಯರು, ಯಂತ್ರಕುಶಲಿ ಕಾರ್ಲೊ ಗುಟ್ಸಿ, ವೈಮಾನಿಕರಾದ ಜಾರ್ಜೊ ಪರೋದಿ ಮತ್ತು ಜೊವಾನ್ನಿ ರವೆಲ್ಲಿ, ಯುದ್ಧ ಮುಗಿದ ಮೇಲೆ ಕೂಡಿ ಗಾಡಿ ಕಟ್ಟುವುದೆಂದು ನಿಶ್ಚಯಿಸಿದ್ದರು. ಆದರೆ 1919ರಲ್ಲಿ ರವೆಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡರು. ಉಳಿದಿಬ್ಬರು 1921ರಲ್ಲಿ ಕಂಪೆನಿಯನ್ನು ಸ್ಥಾಪಿಸಿ, ಅಗಲಿದ ಗೆಳೆಯನ ನೆನಪಿಗಾಗಿ ರೆಕ್ಕೆ ಹರಡಿದ ಹದ್ದನ್ನು ಲಾಂಛನವಾಗಿಟ್ಟರು. ಕೊಮೊ ಸರೋವರದ ದಡದ ಮಾಂಡೆಲ್ಲೊದಲ್ಲಿ ಕಾರ್ಖಾನೆ ಎದ್ದಿತು.

ಮೊದಲ ಗಾಡಿಗೆ ಸಿಲಿಂಡರು ಒಂದೇ; ಅದೂ ಮುಂದಕ್ಕೆ ಚಾಚಿ ಮಲಗಿದ್ದು. ಎದುರುಗಾಳಿ ಅದರ ತಲೆಗೇ ತಗುಲಿ ತಂಪುಮಾಡುತ್ತಿತ್ತು. ಒಳವ್ಯಾಸ 88 ಮಿಲಿಮೀಟರು, ಪಿಸ್ಟನ್ನಿನ ಓಟ 82. 1950ರ ಫಾಲ್ಕೊನೆ ಗಾಡಿಯಲ್ಲಿಯೂ ಇದೇ ಅಳತೆ.

ಓಲೆಗರಿಯನ್ನು ಪರಿಷ್ಕರಿಸುವವನು ಲಿಪಿಕಾರನ ತಪ್ಪನ್ನು ತಿದ್ದಬಹುದು, ಕವಿಯ ಮಾತನ್ನಲ್ಲ. ಇಲ್ಲಿಯೂ ಹಾಗೆಯೇ. ಬಿಚ್ಚುವ ಮುನ್ನ ಚೌಕಟ್ಟಿನ, ಎಂಜಿನ್ನಿನ ಸಂಖ್ಯೆಗಳನ್ನು ಬರೆದುಕೊಳ್ಳಿರಿ; ಕಳಚಿದ ಪ್ರತಿಯೊಂದು ಭಾಗಕ್ಕೂ ಚೀಟಿ ಕಟ್ಟಿರಿ. ತುಕ್ಕನ್ನು ತೆಗೆಯಿರಿ, ಸವೆದುದನ್ನು ಬದಲಿಸಿರಿ. ಆದರೆ ಪೆಟ್ರೋಲ್ ಟ್ಯಾಂಕಿನ ಮೇಲೆ ಹಳೆಯ ಹದ್ದು ಮಸುಕಾಗಿಯಾದರೂ ಉಳಿದಿದ್ದರೆ, ಹೊಸ ಬಣ್ಣದ ಆಸೆಗೆ ಅದನ್ನು ಉಜ್ಜಿ ಅಳಿಸಬೇಡಿರಿ. ಅದು ರವೆಲ್ಲಿಗೆ ಗೆಳೆಯರು ಸಲ್ಲಿಸಿದ ಕಾಣಿಕೆ.