ಅನ್ನಪಾನನಿರೋಧ ಮತ್ತು 2020ರ ಸಂಬಳ

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಕೊನೆಯದು ಅನ್ನಪಾನನಿರೋಧ, ಅಂದರೆ ಅಧೀನದಲ್ಲಿರುವ ಜೀವಿಗೆ ಅನ್ನನೀರು ದೊರೆಯದಂತೆ ಮಾಡುವುದು. ಕೊಟ್ಟಿಗೆಯ ದನದ ದೃಷ್ಟಾಂತದಿಂದಲೇ ಇದನ್ನು ವಿವರಿಸುವ ರೂಢಿಯುಂಟು. ಅಂಗಡಿಯ ಗುಮಾಸ್ತನಿಗೂ ಬಸದಿಯ ಅಡುಗೆಯವನಿಗೂ ಇದು ಅನ್ವಯಿಸುವುದೆ ಎಂಬ ಪ್ರಶ್ನೆಯನ್ನು 2020ನೆಯ ಇಸವಿಯು ವರ್ತಕರ ಮುಂದೆಯೂ ಟ್ರಸ್ಟುಗಳ ಮುಂದೆಯೂ ಇರಿಸಿತು.

ಕೊರೋನಾ ಮಹಾಮಾರಿಯ ನಿಮಿತ್ತ ಆ ವರ್ಷದ ಮಾರ್ಚ್ 25ರಂದು ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತು. ಮುಚ್ಚಿದ ಅವಧಿಗೂ ಕಡಿತವಿಲ್ಲದೆ ಸಂಬಳ ಕೊಡತಕ್ಕದ್ದೆಂದು ಕೇಂದ್ರ ಗೃಹ ಮಂತ್ರಾಲಯವು ಮಾರ್ಚ್ 29ರಂದು ಆಜ್ಞೆ ಹೊರಡಿಸಿತು. ವಹಿವಾಟೇ ಇಲ್ಲದಿರುವಾಗ ಎಲ್ಲಿಂದ ತಂದು ಕೊಡುವುದೆಂದು ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಮೇ 18ರಿಂದ ಆಜ್ಞೆ ರದ್ದಾಯಿತು. ಉಭಯ ಪಕ್ಷದವರೂ ಮಾತುಕತೆಯಿಂದ ಇತ್ಯರ್ಥಪಡಿಸಿಕೊಳ್ಳಲೆಂದು ಜೂನ್ 12ರಂದು ನ್ಯಾಯಾಲಯ ತಿಳಿಸಿತು. ಮಾಲೀಕರ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಬ್ರಿಟನ್ನಿನಲ್ಲಿ, ಕೆಲಸದಿಂದ ತೆಗೆಯದೆ ಮನೆಯಲ್ಲಿರಿಸಿದ ನೌಕರನ ಸಂಬಳದ ಶೇ. 80ರಷ್ಟನ್ನು ತಿಂಗಳಿಗೆ 2,500 ಪೌಂಡಿನ ಮಿತಿಯಲ್ಲಿ ಮೊದಲಿಗೆ ಸರಕಾರವೇ ಭರಿಸಿತ್ತು. ಆ ಯೋಜನೆ 2021ರ ಸೆಪ್ಟೆಂಬರ್‌ವರೆಗೆ ನಡೆಯಿತು. ಇಲ್ಲಿ ಆಜ್ಞೆಯೊಡನೆ ಹಣ ಬರಲಿಲ್ಲ.

ಆದರೆ ಶಕ್ತಿಯಿದ್ದೂ ಸಂಬಳ ನಿಲ್ಲಿಸಿ, ಅದೇ ತಿಂಗಳು ಆಹಾರದ ಕಿಟ್ ಹಂಚಿ ದಾನಿಯೆನಿಸಿಕೊಂಡಿದ್ದರೆ ಅದನ್ನು ಆಹಾರದಾನವೆನ್ನಲಾಗದು. ದುಡಿದವನ ಬಾಕಿ ತೀರಿದ ಮೇಲೆ ಉಳಿದುದರಲ್ಲಿ ಮಾತ್ರ ದಾನಕ್ಕೆ ಎಡೆ.

ಊರಿಗೆ ಮರಳಿದವರಿಗೆ ಆಸರೆಯಾದುದು 2005ರ ಉದ್ಯೋಗ ಖಾತರಿ ಕಾನೂನು. 2020-21ರ ಆಯವ್ಯಯದ 61,500 ಕೋಟಿ ರೂಪಾಯಿಗಳ ಮೇಲೆ ಮತ್ತೆ 40,000 ಕೋಟಿ ಒದಗಿಸಲಾಯಿತು. ಹಿಂದಿನ ವರ್ಷ ಸುಮಾರು 265 ಕೋಟಿಯಷ್ಟಿದ್ದ ಮಾನವ ದಿನಗಳು ಸುಮಾರು 389 ಕೋಟಿಗೆ ಏರಿದವು. ಕರ್ನಾಟಕದಲ್ಲಿ ದಿನಗೂಲಿ 249ರಿಂದ 275 ರೂಪಾಯಿಗೆ ಹೆಚ್ಚಿತ್ತು. ಕೆರೆಯ ಹೂಳೆತ್ತಿದ ಆ ಕೂಲಿಯನ್ನು ಯಾರೂ ಭಿಕ್ಷೆಯೆನ್ನಲಾರರು. ಪಟ್ಟಣದಲ್ಲಿಯೇ ಉಳಿದ ನಿರುದ್ಯೋಗಿಗೆ ಮಾತ್ರ ಅಂತಹ ಹಕ್ಕು ಇರಲಿಲ್ಲ.

ಅಕ್ಟೋಬರ್ 1ರಿಂದ ಅನ್ವಯಿಸಿದ ಆತ್ಮನಿರ್ಭರ ಭಾರತ ರೋಜಗಾರ್ ಯೋಜನೆಯು, 15,000 ರೂಪಾಯಿಗಿಂತ ಕಡಿಮೆ ಸಂಬಳದ ಹೊಸ ನೌಕರರ ಪರವಾಗಿಯೂ, ಮಹಾಮಾರಿಯಲ್ಲಿ ಕೆಲಸ ಕಳೆದುಕೊಂಡು ಪುನಃ ಸೇರಿದವರ ಪರವಾಗಿಯೂ ಎರಡು ವರ್ಷ ಭವಿಷ್ಯನಿಧಿಯ ವಂತಿಗೆಯನ್ನು ಭರಿಸಿತು. ನಿಧಿಯಲ್ಲಿ ಖಾತೆಯಿರಬೇಕೆಂಬುದೇ ಅದರ ಹೊಸ್ತಿಲು. ಮಂಡಿಯ ಹಮಾಲನ ಹೆಸರು ಇರುವುದು ಬಹುಶಃ ಮಾಲೀಕನ ವಹಿಯಲ್ಲಿ ಮಾತ್ರ. ಎಷ್ಟೋ ಕಡೆ ಅಲ್ಲಿಯೂ ಇರುವುದಿಲ್ಲ.