ಅರಸೀಕೆರೆ ಕಡೆಯ ‘ಗ್ಯಾಸ್ಟ್ರಿಕ್’, ಹಾಸನದ 24 ಸಾವುಗಳು

2025ರ ಮೇ ಕೊನೆಯಿಂದ ಸುಮಾರು 40 ದಿನಗಳ ಅವಧಿಯಲ್ಲಿ ಹಾಸನ ಜಿಲ್ಲೆಯಿಂದ ವರದಿಯಾದ ಹಠಾತ್ ಸಾವುಗಳಿಗೆಲ್ಲ ಸುದ್ದಿಮನೆಗಳು ಇಟ್ಟ ಹೆಸರು ಒಂದೇ: ಹೃದಯಾಘಾತ. ಜುಲೈ ಮೊದಲ ವಾರದ ಹೊತ್ತಿಗೆ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಬಂದವರ ಉದ್ದನೆಯ ಸಾಲು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ ಅದೇ ತಿಂಗಳು ವರದಿ ಕೊಟ್ಟಿತು. ಪರಿಶೀಲಿಸಿದ 24 ಸಾವುಗಳಲ್ಲಿ 4ಕ್ಕೆ ಹೃದಯ ಕಾರಣವೇ ಅಲ್ಲ. ಅವುಗಳಲ್ಲಿ ಮೂತ್ರಪಿಂಡ ವೈಫಲ್ಯವೂ ಇತ್ತು, ರಸ್ತೆ ಅಪಘಾತವೂ ಇತ್ತು. ಹೃದಯದ್ದೇ ಎಂದು ಖಚಿತವಾದವು 10. ಉಳಿದ 10 ಸಾವುಗಳ ಮುಂದೆ ಸಮಿತಿ ಬರೆಯಲು ಸಾಧ್ಯವಾದದ್ದು ‘ಇರಬಹುದು’ ಎಂದಷ್ಟೆ.

ಈ ಟಿಪ್ಪಣಿ ಆ ‘ಇರಬಹುದು’ ಕುರಿತದ್ದು.

ಮೊದಲು ಒಂದು ಸಣ್ಣ ಲೆಕ್ಕ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 17,76,421. ವರ್ಷಕ್ಕೆ ಸಾವಿರಕ್ಕೆ 6 ಸಾವು ಎಂದು ಹಿಡಿದರೂ 40 ದಿನಗಳಲ್ಲಿ ಸುಮಾರು 1,170 ಸಾವುಗಳಾಗುತ್ತವೆ. ದೇಶದ ಸಾವುಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಹೃದಯ–ರಕ್ತನಾಳಗಳ ಕಾಯಿಲೆಯಿಂದ ಆಗುವಂಥವು. ಅಂದರೆ ಸುದ್ದಿಯಾದ 24ರ ಹಿಂದೆ, ಸುದ್ದಿಯಾಗದ ಇನ್ನೂರೈವತ್ತಕ್ಕೂ ಮಿಕ್ಕ ಸಾವುಗಳಿದ್ದಿರಬೇಕು. ಹಾಸನದಲ್ಲಿ ಅಸಹಜ ಏರಿಕೆ ಕಾಣಲಿಲ್ಲ ಎಂಬ ಸಮಿತಿಯ ಮಾತನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಜನ ಬೆಚ್ಚಿದ್ದು ಸುಳ್ಳಿಗಲ್ಲ: 24ರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 45 ದಾಟದವರು.

ಇನ್ನು ಮಾತಿನ ವಿಷಯ. ಅರಸೀಕೆರೆ, ಬೇಲೂರು ಕಡೆ ಎಂದೇನು, ರಾಜ್ಯದ ಯಾವ ಮೂಲೆಯಲ್ಲೂ ಎದೆ ಹಿಡಿದುಕೊಂಡರೆ ಮನೆಯಲ್ಲಿ ಹುಟ್ಟುವ ಮೊದಲ ನಿದಾನ ‘ಗ್ಯಾಸ್ಟ್ರಿಕ್ ಇರ್ಬೇಕು’. ಓಂಕಾಳು, ಜೀರಿಗೆ ಸೋಡಾ, ಒಂದು ಗುಳಿಗೆ, ಬೆನ್ನು ನೀವುವುದು; ಅಲ್ಲಿಗೆ ಒಂದು ತಾಸು ಕಳೆದಿರುತ್ತದೆ. ಈ ಊಹೆ ದಡ್ಡತನದ್ದಲ್ಲ. ಹೃದಯದ ಕೆಳಗೋಡೆಗೆ ರಕ್ತ ನಿಂತಾಗ ನೋವು ಹೊಟ್ಟೆಯ ಮೇಲ್ಭಾಗದಲ್ಲೇ ಕಾಣಿಸಬಹುದು. ವಾಂತಿ, ಬೆವರು, ತೇಗು ಎಲ್ಲವೂ ಬರಬಹುದು. ಮುಟ್ಟಿ ನೋಡಿ ಇದನ್ನೂ ಹುಳಿತೇಗನ್ನೂ ಬೇರೆ ಮಾಡುವುದು ವೈದ್ಯರಿಗೂ ಕಷ್ಟ. ಬೇರೆ ಮಾಡುವುದು ಇಸಿಜಿಯ ಗುಲಾಬಿ ಚೌಕಳಿ ಕಾಗದ. ಮೈಗೆ 10 ಕಡೆ ತಂತಿ ಅಂಟಿಸಿದರೆ 12 ನೋಟಗಳು ಸಿಗುತ್ತವೆ. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಒಂದು ಪುಟ್ಟ ಚೌಕವೆಂದರೆ 0.04 ಸೆಕೆಂಡು. ಎರಡು, ಮೂರು ಮತ್ತು ಎವಿಎಫ್ ಎಂಬ ನೋಟಗಳಲ್ಲಿ ಎಸ್‌ಟಿ ಗೆರೆ ಒಂದು ಚೌಕದಷ್ಟು ಮೇಲೆದ್ದು ನಿಂತಿದ್ದರೆ, ‘ಗ್ಯಾಸ್ಟ್ರಿಕ್’ ಎಂಬ ಮಾತನ್ನು ಪಕ್ಕಕ್ಕಿಡಬೇಕು. ಮೊದಲ ಇಸಿಜಿ ಸರಿಯಿದ್ದರೂ ನೋವು ನಿಲ್ಲದಿದ್ದರೆ ಮತ್ತೆ ತೆಗೆಯಬೇಕು, ರಕ್ತದಲ್ಲಿ ಟ್ರೋಪೋನಿನ್ ನೋಡಬೇಕು. (ಭಯದಿಂದ ಒಮ್ಮೆ ಇಸಿಜಿ ತೆಗೆಸಿ ‘ನಾರ್ಮಲ್’ ಎಂದು ನಿಟ್ಟುಸಿರು ಬಿಟ್ಟವರಿಗೂ ಇದೇ ಮಾತು. ಅದು ಆ ಹೊತ್ತಿನ ಸುದ್ದಿ, ಮುಂದಿನ ವರ್ಷದ ಭರವಸೆಯಲ್ಲ. ನೋವಿಲ್ಲದವರು ಸಾಲಿನಲ್ಲಿ ನಿಲ್ಲುವ ಬದಲು ಊರಿನಲ್ಲೇ ಬಿಪಿ, ಸಕ್ಕರೆ ನೋಡಿಸಿಕೊಂಡು ಬೀಡಿ ಬಿಡುವುದೇ ಮೇಲೆಂದು ನನ್ನ ಎಣಿಕೆ.)

46ನೇ ವಯಸ್ಸಿನಲ್ಲಿ, 2021ರ ಅಕ್ಟೋಬರ್ 29ರಂದು ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ನಿಂತಿರುವುದು ಇದೇ ಕಾಗದದ ಮೇಲೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಓದುತ್ತಾರೆ. ಹೃದಯಾಘಾತವೆಂದಾದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ.

ಮಿದುಳಿನ ಕಥೆ ಇಷ್ಟು ಸರಳವಲ್ಲ. ಲಕ್ವಾ ಹೊಡೆದಾಗ ನಾಳ ಕಟ್ಟಿದೆಯೋ ಒಡೆದಿದೆಯೋ ಎಂಬುದು ಸೊಟ್ಟಗಾದ ಬಾಯಿ ನೋಡಿದರೆ ತಿಳಿಯುವುದಿಲ್ಲ. ಕಟ್ಟಿದ್ದರೆ ಅದೇ ಟೆನೆಕ್ಟಿಪ್ಲೇಸ್ ಬೇರೆ ಪ್ರಮಾಣದಲ್ಲಿ ನಾಲ್ಕೂವರೆ ತಾಸಿನೊಳಗೆ ನೆರವಾಗಬಹುದು. ಒಡೆದಿದ್ದರೆ ಪ್ರಾಣ ತೆಗೆಯುತ್ತದೆ. ತೀರ್ಮಾನ ಸಿಟಿ ಸ್ಕ್ಯಾನಿನದು: ಸುರಿದ ರಕ್ತ ಅದರಲ್ಲಿ ಬೆಳ್ಳಗೆ ಕಾಣುತ್ತದೆ. ಕಟ್ಟಿದ ನಾಳದ ಗುರುತು ಮೊದಲ ಗಂಟೆಗಳಲ್ಲಿ ಕಾಣದೆಯೂ ಇರಬಹುದು, ಆಗ ಬಿಳಿ ಇಲ್ಲದಿರುವುದೇ ಸಾಕ್ಷ್ಯ. ಆದ್ದರಿಂದ ಲಕ್ವಾ ರೋಗಿಯನ್ನು ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಒಯ್ಯಬೇಕು. ಅರಸೀಕೆರೆಯಿಂದ ಹಾಸನಕ್ಕೆ ನಲವತ್ತು ಚಿಲ್ಲರೆ ಕಿಲೋಮೀಟರ್.

ಎರಡೂ ಅಂಗಗಳು ವೇಷ ಬದಲಿಸುವುದೂ ಉಂಟು. ಮಿದುಳಿನ ಪೊರೆಯ ಕೆಳಗೆ ರಕ್ತ ಸುರಿದಾಗ ಇಸಿಜಿಯ ಟಿ ಅಲೆ ತಲೆಕೆಳಗಾಗಿ ಹೃದ್ರೋಗದಂತೆ ಕಾಣಬಹುದು. ಮಹಾಧಮನಿ ಸೀಳಿದರೆ ಎದೆನೋವಿನ ಜೊತೆಗೆ ಕೈಕಾಲಿನ ಸ್ವಾಧೀನವೂ ತಪ್ಪಬಹುದು. ಆಗ ಹೆಪ್ಪು ಕರಗಿಸುವ ಮದ್ದು ಅಪಾಯ, ಬಣ್ಣದ್ರವ ಬಿಟ್ಟ ಸಿಟಿ ಬೇಕು. ತೋಟದಲ್ಲೋ ಬಸ್ಸಿನಲ್ಲೋ ಕುಸಿದು ಸತ್ತವರು ಇವುಗಳಲ್ಲಿ ಯಾವುದರಿಂದ ಸತ್ತರೆಂದು ಮರಣೋತ್ತರ ಪರೀಕ್ಷೆಯಿಲ್ಲದೆ ಹೇಳಲಾಗದು. ಹತ್ತು ‘ಇರಬಹುದು’ಗಳು ಉಳಿದದ್ದು ಹೀಗೆ. ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳಿಗೆ ಮರಣೋತ್ತರ ಪರೀಕ್ಷೆ ಕಡ್ಡಾಯ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ 2025ರ ಜುಲೈನಲ್ಲಿ ಪ್ರಕಟಿಸಿದರು. ಶವ ಕೊಯ್ಯಿಸಲು ಒಪ್ಪದ ಮನೆಯವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಆ ತೀರ್ಮಾನ ಸರಿ.

ಓದುಗರಲ್ಲಿ ಒಂದು ಕೋರಿಕೆ: ನೋವು ಎಷ್ಟು ಗಂಟೆಗೆ ಶುರುವಾಯಿತೆಂದು ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಯಾರದಾದರೂ ಹಳೆಯ ಇಸಿಜಿ ಇದ್ದರೆ ರೇಷನ್ ಕಾರ್ಡಿನ ಜೊತೆಯಲ್ಲೇ ಇಡಿ. ಹೊಸ ಗೆರೆಯನ್ನು ಹೋಲಿಸಿ ನೋಡಲು ವೈದ್ಯರು ಅದನ್ನೇ ಕೇಳುತ್ತಾರೆ.