ಕೇಳುವವರು, ಹೇಳುವವರು



ನಿವೃತ್ತಿಯ ಬಳಿಕ ಶಿಷ್ಯನೊಬ್ಬನು ನನ್ನ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಅಳವಡಿಸಿಕೊಟ್ಟನು. "ಇದು ಕೈಕೊಟ್ಟರೆ ಯಾರನ್ನು ಕೇಳಬೇಕಪ್ಪಾ?" ಎಂದೆ. "ಬಳಸುವವರನ್ನೇ ಕೇಳಬೇಕು, ಸಾರ್" ಎಂದನು. ಆ ಮಾತಿನ ಹಿಂದೆ ಒಂದು ಇತಿಹಾಸವೇ ಇದೆಯೆಂಬುದು ಆಮೇಲೆ ತಿಳಿಯಿತು.

ಬೆಲ್ ಪ್ರಯೋಗಾಲಯದ ಯುನಿಕ್ಸ್ ವ್ಯವಸ್ಥೆಗೆ 1971ರಲ್ಲೇ ಕೈಪಿಡಿಯಿತ್ತು. ಆದರೆ ಅದು ಬಲ್ಲವರಿಗಾಗಿ ಬರೆದದ್ದು. ನಿಘಂಟಿನಂತಿತ್ತೇ ಹೊರತು ಪಾಠದಂತಿರಲಿಲ್ಲ. 1991ರ ಆಗಸ್ಟ್‌ನಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತನ್ನ ಹವ್ಯಾಸದ ಕಾರ್ಯಾಚರಣ ವ್ಯವಸ್ಥೆಯನ್ನು ಕುರಿತು ಪ್ರಕಟಿಸಿದಾಗ, ಅದನ್ನು ಕಲಿಸುವ ಹೊಣೆ ಹೊತ್ತ ಸಂಸ್ಥೆ ಯಾವುದೂ ಇರಲಿಲ್ಲ.

ಆ ಕೊರತೆಯನ್ನು ಬಳಕೆದಾರರೇ ತುಂಬಿದರು. 1992ರಲ್ಲಿ ಮ್ಯಾಟ್ ವೆಲ್ಷ್, ಲಾರ್ಸ್ ವಿರ್ಜೇನಿಯಸ್, ಮೈಕೇಲ್ ಜಾನ್ಸನ್ ಇವರು ಲಿನಕ್ಸ್ ಡಾಕ್ಯುಮೆಂಟೇಶನ್ ಪ್ರಾಜೆಕ್ಟನ್ನು ಆರಂಭಿಸಿದರು. ಅದರ 'ಹೌ-ಟು' ಬರಹಗಳು ಒಂದೊಂದು ಕೆಲಸಕ್ಕೆ ಒಂದೊಂದು ಪಾಠ: ಮುದ್ರಣಕ್ಕೊಂದು, ಧ್ವನಿಗೊಂದು, ಜಾಲಸಂಪರ್ಕಕ್ಕೊಂದು. ತಾವು ಪಟ್ಟ ಪಾಡು ಇನ್ನೊಬ್ಬರಿಗೆ ಬೇಡವೆಂದು ಬರೆದವರೇ ಹೆಚ್ಚು.

"ಬಿಟ್ಟಿ ಸರಕಿಗೆ ಹೊಣೆ ಯಾರು?" ಎಂಬ ಆಕ್ಷೇಪ ಆಗ ಬಲವಾಗಿತ್ತು. ಅಮೆರಿಕದ ಇನ್ಫೋವರ್ಲ್ಡ್ ಪತ್ರಿಕೆ 1997ನೆಯ ಸಾಲಿನ ಅತ್ಯುತ್ತಮ ತಾಂತ್ರಿಕ ನೆರವಿನ ಪ್ರಶಸ್ತಿಯನ್ನು ಲಿನಕ್ಸ್ ಬಳಕೆದಾರರ ಸಮುದಾಯಕ್ಕೇ ನೀಡಿದಾಗ ಅದಕ್ಕೆ ಉತ್ತರ ದೊರೆಯಿತು.

ಎಲ್ಲವೂ ಹಾಲು-ಜೇನಾಗಿತ್ತೆಂದಲ್ಲ. ಯಂತ್ರಗಳು ಬದಲಾದಂತೆ, ತಿದ್ದುವವರಿಲ್ಲದೆ ಅನೇಕ ಹೌ-ಟುಗಳು ಹಳಸಿದವು. ಯಾರು ಬೇಕಾದರೂ ತಿದ್ದಬಹುದಾದ ಆರ್ಚ್‌ವಿಕಿಯಂಥವು ಆ ಕೆಲಸವನ್ನು ಮುಂದುವರಿಸಿದವು. ಹೊಸಬರ ಪ್ರಶ್ನೆಗೆ "ಮೊದಲು ಕೈಪಿಡಿ ಓದು" ಎಂದು ಗದರುವವರೂ ಇದ್ದರು. 2004ರಲ್ಲಿ ಬಂದ ಉಬುಂಟು, ಪರಸ್ಪರ ಗೌರವದಿಂದ ವರ್ತಿಸಬೇಕೆಂದು ನಡತೆಯ ಸಂಹಿತೆಯನ್ನೇ ರೂಪಿಸಿತು.

ಇದನ್ನು ಓದಿದಾಗ ನನ್ನ ತರಗತಿ ನೆನಪಾಯಿತು. ಒಂದೇ ಪ್ರಶ್ನೆಯನ್ನು ಎರಡನೆಯ ಬಾರಿ ಕೇಳಿದವರನ್ನು ನಾನೂ ಗದರಿದ್ದುಂಟು. ಮೂರನೆಯ ಬಾರಿ ಅವರು ಕೇಳಲೇ ಇಲ್ಲ. ತಿಳಿಯಿತೆಂದು ನಾನು ಭಾವಿಸಿದೆ.

ಕಳೆದ ವರ್ಷ ನನ್ನ ಪ್ರಿಂಟರ್ ಮೊಂಡುಹಿಡಿದಾಗ ನಾನು ಅದೇ ಪ್ರಶ್ನೆಯನ್ನು ಮೂರು ಸಲ ಕೇಳಿದೆ. ಮುಖಪರಿಚಯವಿಲ್ಲದ ಒಬ್ಬರು ಮೂರು ಸಲವೂ ಬೇಸರಿಸದೆ ಉತ್ತರಿಸಿದರು. ಧನ್ಯವಾದ ಹೇಳಿದಾಗ ಅವರು ಕೇಳಿದ್ದು ಒಂದೇ: "ಹೇಗೆ ಸರಿಯಾಯಿತೆಂದು ಬರೆದಿಡಿ, ಮುಂದೆ ಬರುವವರಿಗೆ ಬೇಕು." ಬರೆದಿಟ್ಟೆ. ಅಂದು ನನ್ನಿಂದ ಗದರಿಸಿಕೊಂಡವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಆ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿರಿ.